‘ಈಗಲೂ ಏನು ಮಾಡಕ್ಕಾಗಲ್ಲ?’ ಎಂದು ಕೇಳುತ್ತಿದ್ದವರು

ಕಿವಿ ಪರೀಕ್ಷೆಯ ಕೋಣೆಯಲ್ಲಿ ಕೂತವರಿಗೆ ಇರುವುದು ಒಂದೇ ಕೆಲಸ. ಹೆಡ್‌ಫೋನಿನಲ್ಲಿ ಸಣ್ಣ ಸದ್ದು ಕೇಳಿಸಿದ ಕೂಡಲೇ ಕೈಯಲ್ಲಿರುವ ಗುಂಡಿ ಒತ್ತಬೇಕು. ಕುವೈತಿನ ಜಾಬ್ರಿಯಾದಲ್ಲಿರುವ ನಮ್ಮ ಕ್ಲಿನಿಕ್ಕಿಗೆ ಬರುವ ಪುಟ್ಟ ಮಕ್ಕಳೂ ಇದನ್ನು ಆಟದ ಹಾಗೆ ಕಲಿತುಬಿಡುತ್ತಾರೆ. ಅವರು ಮಾತ್ರ ಕಲಿಯಲಿಲ್ಲ. ಗಾಜಿನ ಈಚೆಯಿಂದ ನಾನು ಸದ್ದು ಕಳಿಸಿದಾಗೆಲ್ಲ ಅವರ ಹುಬ್ಬು ಏರುತ್ತಿತ್ತು, ಕಣ್ಣು ನನ್ನನ್ನು ಹುಡುಕುತ್ತಿತ್ತು, ಹೆಬ್ಬೆರಳು ಗುಂಡಿಯ ಮೇಲೆ ಬಂದು ನಿಲ್ಲುತ್ತಿತ್ತು. ಒತ್ತುತ್ತಿರಲಿಲ್ಲ.

ಬಾಗಿಲು ತೆರೆದು, “ಕೇಳಿಸ್ತಾ ಇಲ್ವಾ ಸರ್?” ಅಂದೆ.

“ಕೇಳಿಸ್ತದೆ.”

“ಮತ್ತೆ ಒತ್ತಬೇಕಲ್ವಾ?”

“ಒತ್ತು ಅಂತ ನೀವು ಹೇಳ್ಲಿಲ್ವಲ್ಲ, ಡಾಕ್ಟ್ರಮ್ಮ.”

“ಸದ್ದು ಬಂದ್ರೆ ಅದೇ ಹೇಳಿದ ಹಾಗೆ ಸರ್. ಮತ್ತೆ ನಾನು ಡಾಕ್ಟ್ರಲ್ಲ, ಆಡಿಯಾಲಜಿಸ್ಟು.”

“ಬಿಳಿ ಕೋಟು ಹಾಕ್ಕಂಡೋರೆಲ್ಲ ನಮ್ ಕಡೆ ಡಾಕ್ಟ್ರೇ ಕಣಮ್ಮ,” ಎಂದು ನಕ್ಕರು. ಆಮೇಲೆ ಗುಂಡಿಯನ್ನು ಮೇಜಿನ ಮೇಲಿಟ್ಟು, ಇನ್ಯಾರದೋ ವಿಷಯ ಹೇಳುವವರಂತೆ, “ಹೇಳ್ದೆ ಏನೂ ಮುಟ್ಟಕ್ಕಾಗಲ್ಲ ನನಗೆ. ಇನ್ನೂ ಹೋಗಿಲ್ಲ ನೋಡಿ,” ಅಂದರು.

ಇದು ನಾವು ಮೊದಲು ಕಂಡ ದಿನ ಎಂದು ಬರೆಯುವ ಆಸೆಯಾಗುತ್ತದೆ. ಬಹುಶಃ ಅಲ್ಲ. ಮೊದಲ ಸಲ ಬಂದಾಗ ಅವರು ಕಿವಿಯ ಮೇಣ ತೆಗೆಸಿಕೊಂಡು ಹೊರಟುಹೋಗಿದ್ದಿರಬೇಕು. ನೆನಪಿಗೆ ಒಂದು ಚಾಳಿ ಇದೆ, ಹೇಳಿಕೊಳ್ಳಲು ಚೆನ್ನಾಗಿರುವುದನ್ನೆಲ್ಲ ಮೊದಲ ದಿನಕ್ಕೇ ತಂದು ಕೂರಿಸುತ್ತದೆ. ಆ ಚಾಳಿಯನ್ನು ಅನುಮಾನದಿಂದ ನೋಡಲು ನನಗೆ ಕಲಿಸಿದವರೂ ಅವರೇ ಆದ್ದರಿಂದ ಅವರ ವಿಷಯದಲ್ಲಾದರೂ ನಾನು ಎಚ್ಚರದಿಂದ ಇರಬೇಕು.

ಹೋದ ವಾರ ಅವರು ಊರಿನಲ್ಲಿ ತೀರಿಕೊಂಡರಂತೆ. ಕುವೈತಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ‘ಸರಳ ಸಜ್ಜನ’ ಎಂದರು, ‘ಅಜಾತಶತ್ರು’ ಎಂದರು. ಸರಳ ಅವರಲ್ಲ. ಅಜಾತಶತ್ರುವಂತೂ ಅಲ್ಲವೇ ಅಲ್ಲ. ಒಬ್ಬರು ‘ರಾಯ್‌ನಲ್ಲಿ ಡಕ್ಟ್ ವರ್ಕ್‌ಶಾಪಿನ ಫೋರ್‌ಮನ್ ಆಗಿದ್ದವರು’ ಎಂದಷ್ಟೇ ಬರೆದಿದ್ದರು. ಇದ್ದುದರಲ್ಲಿ ಅದೊಂದನ್ನು ಒಪ್ಪಬಹುದು.

ಡಕ್ಟ್ ಎಂದರೆ ಎ.ಸಿ.ಯ ತಣ್ಣನೆ ಗಾಳಿಯನ್ನು ಕೋಣೆಗಳಿಗೆ ಒಯ್ಯುವ ತಗಡಿನ ಕೊಳವೆ. ತಗಡು ಕತ್ತರಿಸಿ, ಮಡಚಿ, ಬಡಿದು ಅವನ್ನು ಮಾಡುತ್ತಾರೆ. ಆ ಬಡಿತದ ನಡುವೆ ಮೂವತ್ತು ವರ್ಷ ನಿಂತ ಕಿವಿ ಹೇಗಿರಬೇಕೋ ಅವರ ಕಿವಿ ಹಾಗಿತ್ತು. ಊರು ಮಾಲೂರಿನ ಕಡೆ. ಅವರ ಅಜ್ಜನ ಮದುವೆಯ ಖರ್ಚಿಗೆಂದು ಬಿದ್ದ ಜೀತ ಅಪ್ಪನ ಕುತ್ತಿಗೆಗೆ ಬಂದು, ಅಲ್ಲಿಂದ ಇವರಿಗೂ ಬಂದಿತ್ತು. ನಡೆಯಲು ಬಂದಾಗಿನಿಂದ ಇವರೂ ಧಣಿಯ ಮನೆಯ ದನಗಳ ಹಿಂದೆ. ಜೀತ ರದ್ದು ಮಾಡುವ ಕಾನೂನು ಬಂದು, ಅಧಿಕಾರಿಗಳು ಊರಿಗೆ ಬಂದು, ಬಿಡುಗಡೆಯಾಗಿ, ಹಾಸ್ಟೆಲು, ಐಟಿಐ, ಆಮೇಲೆ ಕುವೈತು.

ಆ ಬಿಡುಗಡೆಯ ದಿನವನ್ನು ಅವರು ನನಗೆ ಹಲವು ಸಲ ಹೇಳಿದ್ದಾರೆ. ಒಂದು ಸಲ, ಅಪ್ಪ ಕೊಟ್ಟಿಗೆಯ ಹಗ್ಗವನ್ನು ಧಣಿಯ ಜಗುಲಿಯ ಮೇಲಿಟ್ಟು ತಿರುಗಿ ನೋಡದೆ ಬಂದರು. ಇನ್ನೊಂದು ಸಲ, ಅಪ್ಪ ಹೆದರಿ ಹುಲ್ಲಿನ ಮೆದೆಯ ಹಿಂದೆ ಅಡಗಿದ್ದರು, ಅಧಿಕಾರಿಯ ಮುಂದೆ ಮಾತಾಡಿದ್ದು ಅವ್ವ. ಮತ್ತೊಂದು ಸಲ, ಯಾರೂ ಬರಲೇ ಇಲ್ಲ, ಯಾರೋ ಸಂತೆಯಲ್ಲಿ ಹೇಳಿದ್ದು ಕೇಳಿ ಇವರೇ ಮನೆಗೆ ಓಡಿ ಬಂದು ಹೇಳಿದರು.

“ಯಾವುದು ಸರ್ ನಿಜ?” ಎಂದು ಕೇಳಿಬಿಟ್ಟೆ.

“ಒಂದೇ ಥರ ಹೇಳ್ಬೇಕಾಗಿದ್ದು ಧಣಿ ಮುಂದೆ ಕಣಮ್ಮ. ಆಕಳು ಎಲ್ಲಿ ತಪ್ಪಿಸ್ಕಂಡ್ತು ಅಂತ ಕೇಳ್ದಾಗ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳಿದ್ರೆ ಬೆನ್ನು ಮುರಿಯೋನು. ಈಗ ಯಾರು ಕೇಳ್ತಾರೆ? ನಂಗೆ ಹೆಂಗ್ ಬತ್ತದೋ ಹಂಗ್ ಹೇಳ್ತೀನಿ.”

ಸುಳ್ಳು ಹೇಳಿದವರ ಮುಖದಲ್ಲಿ ಆ ನೆಮ್ಮದಿ ಇರುವುದನ್ನು ನಾನು ಕಂಡಿಲ್ಲ.

ಅವರು ದನಿಗಳನ್ನು ಕೂಡಿಡುತ್ತಿದ್ದರು. ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಅಂಗೈಯಲ್ಲಿ ಹಿಡಿಸುವ ಒಂದು ರೆಕಾರ್ಡರಿನಲ್ಲಿ. ಜೀತದಿಂದ, ಇಟ್ಟಿಗೆ ಗೂಡಿನಿಂದ, ಕಲ್ಲಿನ ಕ್ವಾರಿಯಿಂದ ಬಿಡಿಸಿಕೊಂಡು ಬಂದವರ ದನಿಗಳು. ರಜೆಗೆ ಊರಿಗೆ ಹೋದಾಗ ಅಲ್ಲಿಯವರದು, ಇಲ್ಲಿ ವರ್ಕ್‌ಶಾಪಿನಲ್ಲಿ ಬಿಹಾರದವರದು, ನೇಪಾಳದವರದು. ‘ನಿಮಗೆ ಏನಾಯಿತು’ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಜನ ಎಲ್ಲೋ ಕೇಳಿದ ಕತೆಯನ್ನೇ ಹೇಳುತ್ತಾರೆ ಎನ್ನುವುದು ಅವರ ಅನುಭವ. ಅವರು ಕೇಳುತ್ತಿದ್ದುದು ಒಂದೇ. “ಈಗಲೂ ಏನು ಮಾಡಕ್ಕಾಗಲ್ಲ?”

ಈ ಪ್ರಶ್ನೆಗೆ ಜನ ಮೊದಲು ನಗುತ್ತಾರಂತೆ. ಆಮೇಲೆ ಸುಮ್ಮನಾಗುತ್ತಾರೆ. ಆಮೇಲೆ ಬರುವ ಮಾತು ಅವರಿಗೆ ಬೇಕಾಗಿತ್ತು. ಅವರೂರಿನ ಒಬ್ಬ ಹೆಂಗಸಿಗೆ ಹೊಸ ಸೀರೆಯನ್ನು ಹೊಸದಾಗಿರುವಾಗ ಉಡಲಾಗುವುದಿಲ್ಲ. ಅಂಗಳದ ಮಣ್ಣಿನಲ್ಲಿ ಒಮ್ಮೆ ಉಜ್ಜಿ, ಒಗೆದು, ಬಣ್ಣ ಕುಂದಿಸಿಯೇ ಉಡುತ್ತಾಳೆ. ವರ್ಕ್‌ಶಾಪಿನ ಒಬ್ಬನಿಗೆ ಒಂದು ಸಲ ಹೆಸರು ಕರೆದರೆ ಓಗೊಡಲಾಗುವುದಿಲ್ಲ. ಎರಡನೇ ಸಲ ಕೂಗಿದರೆ ಮಾತ್ರ ತನ್ನನ್ನೇ ಎಂದು ಖಾತ್ರಿ. ಇವರ ಅಪ್ಪನಿಗೆ ಬಿಸಿ ಊಟ ಉಣ್ಣಲಾಗುತ್ತಿರಲಿಲ್ಲ, ಸೊಸೆ ಬಡಿಸಿದ ಬಿಸಿ ಮುದ್ದೆಯ ಮುಂದೆ ಅದು ತಣ್ಣಗಾಗಲೆಂದು ಕೂತಿರುತ್ತಿದ್ದರು.

ಅಪ್ಪನ ಆ ಕ್ಯಾಸೆಟ್ಟನ್ನು ಒಂದು ದಿನ ನನ್ನ ಹತ್ತಿರ ತಂದರು. “ಟೇಪು ಸವೀತಾ ಇದೆ ಅನ್ಸುತ್ತೆ ಡಾಕ್ಟ್ರಮ್ಮ. ಅಪ್ಪನ ಮಾತೆಲ್ಲ ನೀರಲ್ಲಿ ಕಲಸಿದಂಗೆ ಆಗೋಗಿದೆ. ಕಂಪ್ಯೂಟರಲ್ಲಿ ಏನಾದ್ರೂ ಸರಿ ಮಾಡಕ್ಕಾಗುತ್ತಾ ನೋಡಿ.”

ಹಾಕಿ ಕೇಳಿದೆ. ಹಿನ್ನೆಲೆಯಲ್ಲಿ ಕೋಳಿಯ ಸದ್ದು, ಯಾರೋ ಪಾತ್ರೆ ತೊಳೆಯುತ್ತಿರುವುದು, ಅದರ ಮೇಲೆ ಮುದುಕರೊಬ್ಬರ ಒರಟು ದನಿ. “ಬಾಗ್ಲು ಬಡಿಯಕ್ಕಾಗಲ್ಲ ಕಣ್ಲಾ. ನಿನ್ ಮನೆ ಬಾಗ್ಲಾದ್ರೂವೆ. ಒರಗಡೆ ನಿಂತ್ಕಂಡು ಕೆಮ್ತೀನಿ.” ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗಿತ್ತು.

ತಗಡಿನ ಸದ್ದು ಮೊದಲು ತಿನ್ನುವುದು ತೆಳ್ಳಗಿನ ದನಿಗಳನ್ನು. ಸ, ಶ, ತ ಇಂಥವು ಮೊದಲು ಹೋಗುತ್ತವೆ. ಮಾತಿನ ಏರಿಳಿತ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಇದನ್ನು ದಿನವೂ ಯಾರಿಗಾದರೂ ಹೇಳುವವಳು ನಾನು. ಆ ದಿನ ಮಾತ್ರ, “ಟೇಪು ಚೆನ್ನಾಗಿದೆ ಸರ್,” ಅಂದೆ, ಅಷ್ಟೇ.

ಅವರಿಗೆ ತಕ್ಷಣ ತಿಳಿಯಿತು. ಮುಖ ಬಾಡಬಹುದು ಎಂದುಕೊಂಡಿದ್ದೆ. “ಹೌದಾ! ಹಂಗಾದ್ರೆ ಅಪ್ಪ ಇದಾರೆ,” ಅಂದರು. “ಹೋಗ್ತಾ ಇರೋನು ನಾನು. ಪರವಾಗಿಲ್ಲ ಬಿಡಿ.”

ಆ ಸಮಾಧಾನವನ್ನು ಅರ್ಥ ಮಾಡಿಕೊಳ್ಳಲು ಆಗ ಪ್ರಯತ್ನಿಸಿದೆ. ಈಗಲೂ ಪ್ರಯತ್ನಿಸುತ್ತಿದ್ದೇನೆ.

ಅಜಾತಶತ್ರು ಅಲ್ಲ ಎಂದೆನಲ್ಲ, ಅದಕ್ಕೊಂದು ಸಂಗತಿ. ಖೈತಾನ್‌ನಲ್ಲಿ ಶಾಲೆಯೊಂದರ ಹಾಲಿನಲ್ಲಿ ನಮ್ಮವರ ಯುಗಾದಿ ಊಟ. ಐಟಿ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿರುವವರೊಬ್ಬರು ತಟ್ಟೆ ಹಿಡಿದು ನಗುತ್ತ, “ಬಿಡಿ ಸರ್, ಜೀತ ಜೀತ ಅಂತೀರಿ, ನಾವೇನು ಕಮ್ಮಿ? ನಾವೂ ಕಫೀಲನ ಜೀತದಾಳುಗಳೇ ಅಲ್ವಾ?” ಎಂದರು. ಕಫೀಲ ಎಂದರೆ ಇಲ್ಲಿ ನಮ್ಮ ವೀಸಾ ಹಿಡಿದಿರುವ ಒಡೆಯ. ಸುತ್ತಲಿದ್ದವರು ನಕ್ಕರು.

“ಹೋಳಿಗೆ ಎಷ್ಟನೇದು ಸ್ವಾಮಿ?” ಎಂದು ಇವರು ಕೇಳಿದರು.

“ಯಾಕೆ ಸರ್?”

“ಬಿಸಿಯಾಗಿದೆಯಾ?”

“ಬಿಸಿ ಬಿಸಿ!”

“ಹಂಗಾದ್ರೆ ಆ ಮಾತು ಆಡಬೇಡಿ. ಜೀತದೋನು ರಜಾ ಮೇಲೆ ಟಿಕೆಟ್ ತಗಂಡು ಊರಿಗೆ ಹೋಗಲ್ಲ. ಅವನಿಗೆ ಹೋಗಕ್ಕೆ ಬೇರೆ ಊರು ಎಲ್ಲಿತ್ತು?” ದನಿ ಎತ್ತರಿಸಿಯೇ ಹೇಳಿದರು. ಕಿವಿ ಮಂದವಾದವರು ತಮ್ಮ ದನಿಯ ಎತ್ತರವನ್ನು ಅಳೆಯಲಾರರು ಎಂದು ನಾನು ಅವರ ಪರವಾಗಿ ಅಂದುಕೊಂಡೆ. ಆಮೇಲೆ ಹಾಗಲ್ಲ ಅನ್ನಿಸಿತು. ಬೇಕೆಂದೇ ಕೂಗಿದ್ದರು. ಅದಾದ ಮೇಲೆ ಅವರನ್ನು ಆ ಊಟಗಳಿಗೆ ಕರೆಯುವುದು ಕಡಿಮೆಯಾಯಿತು.

ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ‘ಎಲ್ಲಾ ಒಂದೇ’ ಎನ್ನುವವರನ್ನು ಅವರು ಸಹಿಸುತ್ತಿರಲಿಲ್ಲ. ಹಾಗಿದ್ದೂ ಅವರ ಜೀವನದ ದೊಡ್ಡ ಕೆಲಸ ಪಕ್ಕಪಕ್ಕ ಇಡುವುದೇ ಆಗಿತ್ತು.

ಅದು ಶುರುವಾದದ್ದು ಹಾಜಿಯವರಿಂದ. ಹಾಜಿ ಕುವೈತಿನವರೇ, ಆಗಲೇ ಎಂಬತ್ತು ದಾಟಿದ್ದ ಕಪ್ಪು ಮೈಯ ಎತ್ತರದ ಮುದುಕರು. ಅವರ ತಾಯಿಯನ್ನು ಹುಡುಗಿಯಾಗಿದ್ದಾಗ ಸಮುದ್ರದ ಆಚೆಯಿಂದ ಹಿಡಿದು ತಂದು ಇಲ್ಲಿಯ ದೊಡ್ಡ ಮನೆಯೊಂದಕ್ಕೆ ಮಾರಿದ್ದರು. ಹಾಜಿ ಆ ಮನೆಯಲ್ಲಿ ಗುಲಾಮನಾಗಿಯೇ ಹುಟ್ಟಿದವರು. ಎಣ್ಣೆ ಸಿಗುವ ಮೊದಲಿನ ಕಾಲದಲ್ಲಿ ಮುತ್ತಿನ ಚಿಪ್ಪಿಗಾಗಿ ಸಮುದ್ರದಲ್ಲಿ ಮುಳುಗುತ್ತಿದ್ದರು. ತಂದದ್ದೆಲ್ಲ ಒಡೆಯನಿಗೆ. ಬಿಡುಗಡೆಯಾದ ಮೇಲೆ ಎಷ್ಟೋ ಜನರ ಹಾಗೆ ಅವರಿಗೂ ಆ ದೊಡ್ಡ ಮನೆಯ ಹೆಸರೇ ಮನೆತನದ ಹೆಸರಾಯಿತು. ಅವರ ದೀವಾನಿಯಾಕ್ಕೆ, ಅಂದರೆ ಗಂಡಸರು ಕೂತು ಹರಟುವ ಹೊರಮನೆಗೆ, ಹೊಸ ಎ.ಸಿ. ಹಾಕಲು ಹೋದವರು ಇವರು.

ಹಾಜಿಗೆ ಹಿಂದಿ ಬರುತ್ತಿತ್ತು. ಹಾಯಿ ಹಡಗುಗಳಲ್ಲಿ ಮುಂಬಯಿಗೂ ಮಂಗಳೂರಿಗೂ ಬಂದಿದ್ದವರು. ಹರಟೆಗೆ ಹಿಂದಿ, ಒಳಗಿನ ಮಾತಿಗೆ ಅರಬ್ಬಿ. ಇವರಿಗೆ ಎರಡೂ ಬರುತ್ತಿತ್ತು. ನನಗೆ ಹಿಂದಿ ಮಾತ್ರ, ಅರಬ್ಬಿಯಲ್ಲಿ ಕ್ಲಿನಿಕ್ಕಿಗೆ ಬೇಕಾದ ನಾಲ್ಕಾರು ಮಾತು.

ಹಾಜಿಯವರ ಮುಂದೆ ಇವರು ತಮ್ಮ ಪ್ರಶ್ನೆಯನ್ನೂ ಇಡಲಿಲ್ಲ. ಅಪ್ಪನ ಟೇಪನ್ನು ಹಾಕಿ, ಬಾಯಿಪಾಠವಾಗಿದ್ದ ಒಂದೊಂದು ಮಾತನ್ನೂ ಅರಬ್ಬಿಗೆ ತಿರುಗಿಸಿ ಹೇಳಿ, ಸುಮ್ಮನೆ ಕೂತರಂತೆ. ಹಾಜಿ ಉತ್ತರ ಕೊಡತೊಡಗಿದರು, ಇವರಿಗಲ್ಲ, ಟೇಪಿನಲ್ಲಿರುವ ಮುದುಕರಿಗೆ. ಹೀಗೆ ಎಷ್ಟೋ ಶುಕ್ರವಾರಗಳು, ಎಲ್ಲವೂ ಇವರ ರೆಕಾರ್ಡರಿನಲ್ಲಿ. ಅಪ್ಪ ಅಷ್ಟರಲ್ಲಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಾನು ಕಂಪ್ಯೂಟರಿನಲ್ಲಿ ಅವನ್ನೆಲ್ಲ ಒಂದರ ಹಿಂದೊಂದು ಜೋಡಿಸಿಕೊಟ್ಟೆ. ಮಾಲೂರಿನ ಕನ್ನಡ, ಅದರ ಬೆನ್ನಿಗೆ ಕುವೈತಿನ ಅರಬ್ಬಿ, ಮತ್ತೆ ಕನ್ನಡ. ಎಂದೂ ಭೇಟಿಯಾಗದ ಇಬ್ಬರು ಜಗುಲಿಯ ಮೇಲೆ ಕೂತು ಮಾತಾಡುತ್ತಿರುವ ಹಾಗಿತ್ತು. ಅದನ್ನು ಮೊದಲ ಸಲ ಪೂರ್ತಿ ಕೇಳಿದ ದಿನ ನಾನು ಮುಂದಿನ ರೋಗಿಯನ್ನು ಕರೆಯುವುದನ್ನೇ ಮರೆತೆ.

ಅಪ್ಪ ಬಾಗಿಲು ಬಡಿಯಲಾಗುವುದಿಲ್ಲ ಎಂದದ್ದಕ್ಕೆ ಹಾಜಿ ಸಣ್ಣಗೆ ನಕ್ಕು ಒಂದೇ ಮಾತು ಹೇಳಿದ್ದರು. ಇವರು ನನಗೆ ಅದರ ಅರ್ಥ ಹೇಳಿದರು. ತಾನು ಮಲಗುವಾಗ ಬಾಗಿಲು ಹಾಕಿಕೊಳ್ಳಲಾರೆ, ತಾಯಿ ಮಲಗುತ್ತಿದ್ದ ಕಡೆ ಬಾಗಿಲು ಇರುವಂತಿರಲಿಲ್ಲ.

“ಅಪ್ಪಂಗೆ ಒಳಗೆ ಹೋಗಕ್ಕಾಗ್ಲಿಲ್ಲ, ಇವರಿಗೆ ಒಳಗಿಂದ ಬಾಗ್ಲು ಹಾಕ್ಕೊಳ್ಳಕ್ಕಾಗ್ಲಿಲ್ಲ,” ಎಂದೆ ನಾನು. ಏನೋ ಕಂಡುಹಿಡಿದ ಸಂತೋಷ.

ಅವರು ತಲೆ ಅಲ್ಲಾಡಿಸಿದರು. “ಚೆನ್ನಾಗ್ ಕೇಳ್ಸುತ್ತೆ. ಅದಕ್ಕೇ ಅನುಮಾನ. ಅಪ್ಪನ್ನ ಮುಟ್ತಿರಲಿಲ್ಲ ಕಣಮ್ಮ. ಹಾಜಿನ ಆ ದೊಡ್ಡ ಮನೆಯೋರೇ ಎದೆಹಾಲು ಕುಡಿಸಿ ಸಾಕಿದಾರೆ. ಎರಡೂ ಬಾಗಿಲೇ, ಆದ್ರೆ ಒಂದೇ ಮನೆ ಬಾಗಿಲಲ್ಲ.”

ಒಮ್ಮೆ ಹಾಜಿಯವರನ್ನು ಕಿವಿ ತೋರಿಸಲು ಕರೆತಂದರು. ಎರಡೂ ಕಿವಿಯ ತಮಟೆಗಳು ತೂತಾಗಿದ್ದವು. ಆಳದ ನೀರು ಹಾಗೆ ಮಾಡುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಪ್ರತಿ ಸದ್ದಿಗೂ ಮೊದಲು ಹಾಜಿ ಎದೆ ತುಂಬ ಉಸಿರೆಳೆದು ಹಿಡಿದುಕೊಳ್ಳುತ್ತಿದ್ದರು. ಗುಂಡಿ ಒತ್ತಿದ ಮೇಲೆಯೇ ಬಿಡುತ್ತಿದ್ದರು. ಗಾಜಿನ ಈಚೆ ನನ್ನ ಪಕ್ಕ ನಿಂತಿದ್ದ ಇವರು ಅದನ್ನೇ ನೋಡುತ್ತಿದ್ದರು. 

ಆ ದಿನವೇ ಇರಬೇಕು, ಹಾಜಿಯ ಕಿವಿಯ ಅಚ್ಚು ತೆಗೆಯುತ್ತಿದ್ದೆ. ಇವರು ಕನ್ನಡದಲ್ಲಿ ನನಗೆ ಪಿಸುಗುಟ್ಟಿದರು, ಅಂದರೆ ಪಿಸುಗುಟ್ಟುತ್ತಿದ್ದೇನೆಂದು ಅವರು ತಿಳಿದಿದ್ದರು. “ಇನ್ನೊಂದು ನೋಡಿದೀನಿ ಡಾಕ್ಟ್ರಮ್ಮ. ತಮ್ಮ ದೀವಾನಿಯಾದಲ್ಲೇ ಅವರು ನಡುವೆ ಕೂರಲ್ಲ. ಬಾಗಿಲ ಪಕ್ಕ ಕೂರ್ತಾರೆ, ಕಾಫಿ ಕೊಡೋ ಆಳು ಕೂರೋ ಜಾಗ ಅದು. ಎಷ್ಟು ವರ್ಷ ಆದ್ರೂ ಮೈಯಿಂದ ಹೋಗಿಲ್ಲ.” ಆಮೇಲೆ ಬಹಳ ನಯವಾಗಿ, ಹಿಂದಿಯಲ್ಲಿ ಹಾಜಿಯನ್ನೇ ಕೇಳಿದರು.

ಹಾಜಿ ಕಿವಿಯಲ್ಲಿ ಅಚ್ಚಿನ ಮೇಣ ಇಟ್ಟುಕೊಂಡೇ ಅವರನ್ನು ದಿಟ್ಟಿಸಿದರು. “ಅರೆ ಪಾಗಲ್! ನಡುವೆ ಕೂತರೆ ಕತ್ತು ಹಿಡಿಯುತ್ತೆ. ಗಾಳಿಯ ಬಾಯನ್ನು ನೇರ ನನ್ನ ತಲೆಯ ಮೇಲೆ ತಂದು ಇಟ್ಟವನು ಯಾರು? ನೀನು!”



“ಎಲ್ಲೆಲ್ಲೂ ನಿನಗೆ ಗುಲಾಮನೇ ಕಾಣುತ್ತಾನೆ,” ಹಾಜಿ ನನ್ನ ಕಡೆ ತಿರುಗಿದರು, “ತನ್ನ ಡಕ್ಟು ಮಾತ್ರ ಕಾಣಲ್ಲ. ಇವನಿಗೆ ಕಣ್ಣು ಪರೀಕ್ಷೆ ಮಾಡಿ, ಡಾಕ್ಟರ್.”

ಹಣೆ ಹಿಡಿದುಕೊಂಡು ಇವರು ನಕ್ಕ ನಗು ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿತು. ಮುಂದಿನ ಶುಕ್ರವಾರ ಏಣಿ ಹೊತ್ತುಕೊಂಡು ಹೋಗಿ ಆ ಗಾಳಿಯ ಬಾಯನ್ನು ಬೇರೆ ಕಡೆ ತಿರುಗಿಸಿ ಬಂದರು. ಕೆಲವು ವಾರ ಕಳೆದು ನಾನು ಕೇಳಿದೆ, ಈಗ ಹಾಜಿ ನಡುವೆ ಕೂರುತ್ತಾರೆಯೇ ಎಂದು.

“ಇಲ್ಲ. ಬಾಗಿಲ ಪಕ್ಕಾನೇ. ಯಾಕೆ ಅಂದೆ. ಅಭ್ಯಾಸ ಆಗೋಯ್ತು ಅಂದರು,” ಎಂದು ಬೆರಗಿನಿಂದ ಹೇಳಿದರು. “ಈಗ ಅದನ್ನ ಯಾವ ಅಭ್ಯಾಸ ಅಂತ ಅನ್ನೋದು, ನೀವೇ ಹೇಳಿ.”

ಹಾಜಿಯ ಮಗ ಬಂದದ್ದು ಇದಾದ ಮೇಲೆ. ಸರ್ಕಾರಿ ಕಚೇರಿಯಲ್ಲಿ ಅಧಿಕಾರಿ, ಮಾತು ಮೆದು, ಇಂಗ್ಲಿಷ್ ಚೆನ್ನಾಗಿತ್ತು. ತಂದೆಯ ಶ್ರವಣಯಂತ್ರದ ವಿಚಾರಕ್ಕೆಂದು ಬಂದವರು ಇವರೂ ಅಲ್ಲಿದ್ದುದನ್ನು ನೋಡಿ ಬಾಗಿಲು ಮುಚ್ಚಿ ಕೂತರು. “ನನ್ನ ತಂದೆ ಮಸೀದಿಯಲ್ಲಿ, ಮಾರುಕಟ್ಟೆಯಲ್ಲಿ, ಎಲ್ಲರಿಗೂ ಹೇಳುತ್ತಿದ್ದಾರೆ, ಒಬ್ಬ ಭಾರತೀಯನ ಹತ್ತಿರ ನನ್ನ ದನಿ ಇದೆ ಅಂತ. ನನ್ನ ಮಗಳ ನಿಶ್ಚಿತಾರ್ಥ ಹತ್ತಿರ ಬಂದಿದೆ. ದೊಡ್ಡ ಮನೆಯವರು ಬಂದು ನಮ್ಮ ಕಡೆಯವರಾಗಿ ಕೂರುತ್ತಾರೆ. ನಮ್ಮ ಹೆಸರು ಅವರ ಹೆಸರು. ಎಲ್ಲರಿಗೂ ಗೊತ್ತಿರುವುದು ಬೇರೆ. ಅವರ ಹಿರಿಯರು ಏನು ಮಾಡಿದರು ಅಂತ ನನ್ನ ತಂದೆಯ ಬಾಯಲ್ಲೇ ಹೇಳಿದ್ದು ಫೋನಿನಿಂದ ಫೋನಿಗೆ ಹೋಗುವುದು ಬೇರೆ. ಆಮೇಲೆ ಅವರು ಬರುವುದಿಲ್ಲ. ಅವರು ಬರದಿದ್ದರೆ ಹುಡುಗನ ಕಡೆಯವರೂ ಬರುವುದಿಲ್ಲ. ದಯವಿಟ್ಟು ಅದನ್ನು ಅಳಿಸಿ.”

ಇವರು ಪೂರ್ತಿ ಕೇಳಿಸಿಕೊಂಡರು. “ಹಾಜಿ ಹೇಳಿದರೆ ಅಳಿಸುತ್ತೇನೆ.”

“ನಾನು ಅವರ ಮಗ. ಅವರ ಪರವಾಗಿ ಹೇಳುತ್ತಿದ್ದೇನೆ.”

“ಅವರ ಪರವಾಗಿ ಮಾತಾಡಿದವರು ಬಹಳ ಜನ ಆಗಿದ್ದಾರೆ. ಅವರ ಬಾಯಲ್ಲೇ ಬರಲಿ.”

ಮಗ ಎದ್ದು ಕೈಕುಲುಕಿ ಹೋದರು. ಬೆದರಿಸಲಿಲ್ಲ. ಬೆದರಿಸುವ ಅಗತ್ಯ ಇರಲಿಲ್ಲ, ಈ ಊರಿನಲ್ಲಿ ಅಂಥವರ ಒಂದು ಫೋನ್ ಸಾಕು. ಅವರು ಹೋದ ಕೂಡಲೇ ನಾನಂದೆ, “ಸರ್, ಅಳಿಸಿಬಿಡಿ. ನಿಮ್ಮ ಇಕಾಮಾ, ಇಲ್ಲಿರೋ ಪರವಾನಗಿನೇ, ಹೋದ್ರೆ?”

“ಹೋದ್ರೆ ಊರಿಗೆ ಹೋಗ್ತೀನಿ.”

“ಅವರ ಮೊಮ್ಮಗಳ ಮದುವೆ ನಿಂತ್ರೆ?”

 ಅವರು ತಮ್ಮ ರೆಕಾರ್ಡರನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತಿದ್ದರು. ಅದನ್ನು ಅಳಿಸಿದರೆ ಅವರ ಬದುಕಿನ ಕೆಲಸದ ಅರ್ಧ ಹೋಗುತ್ತಿತ್ತು. ಮತ್ತೆ ಹೊಸದಾಗಿ ದನಿಗಳನ್ನು ಕೂಡಿಸುವ ಕಿವಿ ಅವರಿಗೆ ಉಳಿದಿರಲಿಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಹಾಜಿಯ ಮನೆಗೆ ಹೋದೆವು. ಶ್ರವಣಯಂತ್ರ ತೊಡಿಸಿ ಹೊಂದಿಸಲೆಂದು ನಾನೂ ಲ್ಯಾಪ್‌ಟಾಪ್ ಹಿಡಿದು ಹೋಗಿದ್ದೆ. ದೀವಾನಿಯಾದಲ್ಲಿ ನಾವು ಮೂವರು, ಮತ್ತೆ ಮಗ. ಯಂತ್ರ ಕಿವಿಗೆ ಕೂತಾಗ ಹಾಜಿ ಮೊದಲು ಹೇಳಿದ್ದು, “ಇಷ್ಟೊಂದು ಸದ್ದಾ ನಿನ್ನ ಎ.ಸಿ.?” ಎಂದು.

ಇವರು ನಗಲಿಲ್ಲ. ಎಲ್ಲವನ್ನೂ ಹೇಳಿದರು. ಮಗ ಕೇಳಿದ್ದು, ಮೊಮ್ಮಗಳ ನಿಶ್ಚಿತಾರ್ಥ, ದೊಡ್ಡ ಮನೆಯವರು. ಹಿಂದಿಯಲ್ಲಿ ಹೇಳಿದರು, ನನಗೂ ತಿಳಿಯಲೆಂದಿರಬೇಕು. ಕೊನೆಗೆ, “ನಿಮಗೆ ಏನು ಬೇಕು?” ಎಂದು ಕೇಳಿದರು.

ಹಾಜಿ ಮಗನ ಮುಖ ನೋಡಿದರು. ಮಗ ನೆಲ ನೋಡುತ್ತಿದ್ದರು.

“ನಂದು ಹೋದರೆ ಏನು ಉಳಿಯುತ್ತೆ?”

“ನಮ್ಮಪ್ಪ.”

“ಒಬ್ಬನೇ?”

“ಒಬ್ಬರೇ.”

ಹಾಜಿ ಗಡ್ಡ ಸವರಿಕೊಂಡರು. ಅವರು ಏನು ಯೋಚಿಸುತ್ತಿದ್ದರು ಎಂದು ಬರೆಯುವುದು ಸುಲಭ, ಆದರೆ ನನಗೆ ಗೊತ್ತಿಲ್ಲ. “ಹುಡುಗಿಯ ಮದುವೆ ಆಗಬೇಕು. ಅಳಿಸು,” ಅಂದರು.

ಇವರು ಜೇಬಿನಿಂದ ರೆಕಾರ್ಡರ್ ತೆಗೆದು, ಮಗನಿಗೆ ಕಾಣುವ ಹಾಗೆ ಹಿಡಿದು, ಅಳಿಸಿದರು.  ಮಗನ ಭುಜಗಳು ಇಳಿದವು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಇವರು ನನ್ನ ಮಡಿಲಲ್ಲಿದ್ದ ಲ್ಯಾಪ್‌ಟಾಪನ್ನು ತೋರಿಸಿ, “ಇನ್ನೊಂದು ಪ್ರತಿ ಇದರಲ್ಲಿದೆ,” ಎಂದರು. ಕನ್ನಡದಲ್ಲಲ್ಲ. ಅರಬ್ಬಿಯಲ್ಲಿ, ಆಮೇಲೆ ಹಿಂದಿಯಲ್ಲಿ. ಮಗನಿಗೆ ಆ ಪ್ರತಿಯ ವಿಷಯ ಗೊತ್ತೇ ಇರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ.

ನಾನು ಅವರನ್ನೇ ನೋಡಿದೆ. ಅವರು ಕನ್ನಡದಲ್ಲಿ ನನಗೆ ಹೇಳಿದರು: “ಬಿಟ್ಟೆ ಅಂತ ಬಾಯಲ್ಲಿ ಹೇಳಿ, ಮನೇಲಿ ಬಚ್ಚಿಟ್ಕಳೋನಿಗೆ ನಮ್ಮೂರಲ್ಲಿ ಧಣಿ ಅಂತಿದ್ರು ಕಣಮ್ಮ. ಅಳಿಸಿ.”

ಲ್ಯಾಪ್‌ಟಾಪಿನಲ್ಲಿದ್ದುದು ಇಬ್ಬರ ಮಾತೂ ಸೇರಿದ ಒಂದೇ ಕಡತ. ಹಾಜಿಯ ಮಾತಿದ್ದ ಕಡೆಗಳನ್ನೆಲ್ಲ ಒಂದೊಂದಾಗಿ ಆರಿಸಿ ಮೌನವಾಗಿಸಬೇಕಿತ್ತು. ಮಗ ಬಂದು ನನ್ನ ಹೆಗಲ ಹಿಂದೆ ನಿಂತರು. ಪರದೆಯ ಮೇಲೆ ದನಿ ಗುಡ್ಡಗಳ ಸಾಲಿನಂತೆ ಕಾಣುತ್ತದೆ. ಒಂದು ಗುಡ್ಡ ಬಿಟ್ಟು ಮುಂದಿನದು, ಅದು ಬಿಟ್ಟು ಮುಂದಿನದು, ಒತ್ತಿದ ಹಾಗೆಲ್ಲ ಸಮತಟ್ಟಾದ ಗೆರೆಯಾಗುತ್ತ ಹೋಯಿತು. ಕೊನೆಯದನ್ನೂ ಒತ್ತಿ ಉಳಿಸಿದೆ. ಇನ್ನು ಹಿಂದಕ್ಕೆ ತರಲಾಗುವುದಿಲ್ಲ ಎಂದು ಮಗನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು “ಥ್ಯಾಂಕ್ಯೂ” ಎಂದರು, ಇವರಿಗೆ, ನನಗಲ್ಲ.

“ಈಗ ಹೇಗಿದೆ, ಹಾಕು,” ಎಂದರು ಹಾಜಿ.

ಹಾಕಿದೆ. ಮಾಲೂರಿನ ಕೋಳಿ ಕೂಗಿತು. ಪಾತ್ರೆಯ ಸದ್ದು. “ಬಾಗ್ಲು ಬಡಿಯಕ್ಕಾಗಲ್ಲ ಕಣ್ಲಾ,” ಎಂದರು ಅಪ್ಪ. “ಒರಗಡೆ ನಿಂತ್ಕಂಡು ಕೆಮ್ತೀನಿ.” ಆಮೇಲೆ ಮೌನ. ಆ ಮೌನದ ಉದ್ದ ನನಗೆ ಗೊತ್ತಿತ್ತು, ಸಣ್ಣ ನಗು ಮತ್ತು ಒಂದು ಮಾತಿನಷ್ಟು.

ಹಾಜಿ ಆ ಮೌನದಲ್ಲಿ ಮಾತಾಡತೊಡಗಿದರು. ಅರಬ್ಬಿಯಲ್ಲಿ, ಲ್ಯಾಪ್‌ಟಾಪಿನ ಕಡೆಗೆ ಬಾಗಿ. ಇದರಲ್ಲಿ ನಗು ಇರಲಿಲ್ಲ. ಇದು ಒಂದು ಮಾತಿಗೆ ಮುಗಿಯುವಂತೆಯೂ ಇರಲಿಲ್ಲ. ‘ಉಮ್ಮಿ’ ಎಂಬುದೊಂದು ನನಗೆ ತಿಳಿಯಿತು, ನನ್ನ ತಾಯಿ ಎಂದು. ಅದು ಮತ್ತೆ ಮತ್ತೆ ಬಂತು. ಮಗ ಹೊರಡಲೆಂದು ಬಾಗಿಲಿನವರೆಗೆ ಹೋಗಿದ್ದವರು ಅಲ್ಲೇ ನಿಂತರು. ತನ್ನ ತಂದೆಯನ್ನು ಹಾಗೆ ನೋಡುವ ಮಗನನ್ನು ನಾನು ಬೇರೆಲ್ಲೂ ಕಂಡಿಲ್ಲ. ಚಪ್ಪಲಿ ಕಳಚಿ, ವಾಪಸು ಬಂದು, ಕೂತರು.

ಟೇಪು ಯಾರಿಗಾಗಿಯೂ ನಿಲ್ಲುವುದಿಲ್ಲ. ಮೌನದ ಅಳತೆ ಮುಗಿದು ಅಪ್ಪನ ಮುಂದಿನ ಮಾತು ಶುರುವಾಯಿತು. ಹಾಜಿ ಇನ್ನೂ ಮಾತಾಡುತ್ತಲೇ ಇದ್ದರು. ನಿಲ್ಲಿಸಲೆಂದು ನಾನು ಕೈ ಚಾಚಿದೆ. ಇವರು ಬೇಡವೆಂದು ಕೈ ಅಡ್ಡ ಹಿಡಿದರು. ಮುದ್ದೆ, ಕೊಟ್ಟಿಗೆ, ತಣ್ಣಗಾಗುವ ಊಟ ಎಂದು ಅಪ್ಪ, ಅದರ ಮೇಲೆಯೇ, ಅದಕ್ಕಿಂತ ಜೋರಾಗಿ, ಹಾಜಿ.

ಇವರ ಕಿವಿಯ ಸ್ಥಿತಿ ನನಗೆ ಚೆನ್ನಾಗಿ ಗೊತ್ತು. ಒಬ್ಬರು ಮಾತಾಡಿದರೆ ಮುಖ ನೋಡಿ ಅರ್ಧ ಊಹಿಸುತ್ತಿದ್ದರು. ಇಬ್ಬರು ಒಟ್ಟಿಗೆ ಮಾತಾಡಿದರೆ ಅವರಿಗೆ ಎರಡೂ ಸೇರಿ ತಗಡು ಬಡಿದ ಹಾಗೆ ಒಂದೇ ಗದ್ದಲ. ಹಾಜಿ ಆ ದಿನ ಏನು ಹೇಳಿದರು ಎಂದು ಹಿಂದಿರುಗುವಾಗ ಕಾರಿನಲ್ಲಿ ಕೇಳಿದೆ. ಆಮೇಲೂ ಕೇಳಿದೆ. “ಮೊದಲೆರಡು ಮಾತು ಸಿಕ್ತು, ಆಮೇಲೆ ಒಂದೂ ಕೇಳ್ಸಲಿಲ್ಲ ಡಾಕ್ಟ್ರಮ್ಮ,” ಎಂದರು. ಅದನ್ನು ನಾನು ನಂಬುತ್ತೇನೆ.

ಆದರೆ ಆಗ, ಆ ಕೋಣೆಯಲ್ಲಿ, ಅವರು ಇಬ್ಬರ ನಡುವೆ ನೆಟ್ಟಗೆ ಕೂತು, ಒಮ್ಮೆ ಹಾಜಿಯ ಕಡೆ, ಒಮ್ಮೆ ಲ್ಯಾಪ್‌ಟಾಪಿನ ಕಡೆ ತಿರುಗುತ್ತಿದ್ದರು. ಟೇಪು ಮುಗಿದ ಮೇಲೂ ಹಾಜಿ ಮಾತಾಡುತ್ತಿದ್ದರು. ಇವರು ಅಲುಗಾಡದೆ ಕೂತಿದ್ದರು.